ಹುಳಿ ಬಾರದ ಹಿಟ್ಟು

ಉಪ್ಪು ಹಾಕಿ, ಹಿಟ್ಟಿನ ಪಾತ್ರೆಯೊಳಗೆ ಮಣಿಕಟ್ಟು ಮುಳುಗುವವರೆಗೆ ಕೈ ಇಳಿಸಿ, ವನಜಾಕ್ಷಿ ಐದಾರು ಸುತ್ತು ತಿರುಗಿಸಿದ್ದಳಷ್ಟೆ. ಹಿತ್ತಲ ಬಾಗಿಲ ಬಳಿ ಅವರೆಕಾಯಿ ಬಿಡಿಸುತ್ತ ಕೂತಿದ್ದ ಅತ್ತೆ ಸಾಕಮ್ಮ ತಲೆ ಎತ್ತದೆ ಹೇಳಿದರು.

"ಸೌಟು ತಗೊಳ್ಳೇ."

ವನಜಾಕ್ಷಿಯ ಕೈ ನಿಂತಿತು. "ಇವತ್ತು ಬರುತ್ತೆ ಅತ್ತೆ. ಮೆಂತ್ಯ ಜಾಸ್ತಿ ಹಾಕಿದೀನಿ."

"ಹೋದ ವಾರ ಅವಲಕ್ಕಿ ಹಾಕ್ದೆ. ಅದರ ಹಿಂದಿನ ವಾರ ಪಾತ್ರೆಗೆ ಕಂಬಳಿ ಹೊದಿಸ್ದೆ, ಚಳಿಜ್ವರ ಬಂದೋರಿಗೆ ಹೊದಿಸ್ದಂಗೆ. ಬೆಳಿಗ್ಗೆ ನೋಡಿದ್ರೆ ಸುಣ್ಣದ ನೀರು. ನಿನ್ನ ಕೈ ಸತ್ತೋಗಿದೆ ಕಣೇ. ಸೌಟು ತಗೊ."

ಅತ್ತೆಯ ಮಾತಿನಲ್ಲಿ ಸಿಟ್ಟಿರಲಿಲ್ಲ. ಗ್ಯಾಸ್ ಮುಗಿದಿದೆ ಎನ್ನುವಾಗ ಇರುವ ದನಿ ಅದು. ವನಜಾಕ್ಷಿ ಕೈ ತೆಗೆದು ನಲ್ಲಿಗೆ ಹಿಡಿದಳು. ತೊಳೆಯಲು ಏನೂ ಇರಲಿಲ್ಲ. ಈಚೆಗೆ ಅವಳ ಅಂಗೈಗೆ ಹಿಟ್ಟು ಅಂಟುವುದಿಲ್ಲ. ನೀರು ಕೂಡ ಕೆಸುವಿನೆಲೆಯ ಮೇಲೆ ಬಿದ್ದಂತೆ ಮಣಿಮಣಿಯಾಗಿ ಜಾರಿಹೋಗುತ್ತದೆ.

ಇದೇ ಕೈಗೆ ಒಂದು ಕಾಲದಲ್ಲಿ ಬೀದಿಯಲ್ಲೆಲ್ಲ ಹೆಸರಿತ್ತು. ಮದುವೆ ಮನೆಯವರು ಹಿಂದಿನ ಸಂಜೆ ಕೊಪ್ಪರಿಗೆ ತುಂಬ ಇಡ್ಲಿ ಹಿಟ್ಟು ರುಬ್ಬಿಸಿಟ್ಟು, "ವನಜಕ್ಕ, ಒಂದ್ಸಲ ಬಂದು ಕೈಯಾಡಿಸಿ ಹೋಗಿ" ಎಂದು ಕರೆಯುತ್ತಿದ್ದರು. ಹೆಪ್ಪು ಹಾಕಿಸಿಕೊಳ್ಳಲು ಎದುರುಮನೆಯವರು ಹಾಲಿನ ಪಾತ್ರೆಯನ್ನೇ ಹಿಡಿದು ಬರುತ್ತಿದ್ದರು. ಕೈಗುಣ ಎನ್ನುತ್ತಿದ್ದರು. ಮಕ್ಕಳಾಗದ, ಮೂವತ್ತೊಂಬತ್ತಕ್ಕೆ ಗಂಡನನ್ನು ಕಳೆದುಕೊಂಡ ಹೆಂಗಸನ್ನು ಸೀಮಂತಕ್ಕೆ ಯಾರೂ ಕರೆಯುವುದಿಲ್ಲ. ಹಿಟ್ಟಿಗೆ ಕರೆಯುತ್ತಿದ್ದರು, ಹಿತ್ತಲ ಬಾಗಿಲಿನಿಂದ. ಆಸ್ಪತ್ರೆಯಲ್ಲಿಯೂ ಅದೇ ಮಾತು. ಹಸಿಗೂಸುಗಳ ಘಟಕದಲ್ಲಿ ಇಪ್ಪತ್ತೆರಡು ವರ್ಷದಿಂದ ಕೆಲಸ ಮಾಡುತ್ತಿದ್ದ ಅವಳ ಬಗ್ಗೆ ಬಾಣಂತಿಯರು, "ಆ ದಪ್ಪ ಸಿಸ್ಟರ್ ಕೈಗೆ ಕೊಟ್ರೆ ಮಗು ಉಳಿಯುತ್ತೆ, ಕೈಗುಣ ಹಂಗಿದೆ" ಎಂದು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿದ್ದರು. ಎರಡು ಕಡೆಗೂ ಒಂದೇ ಪದ. ಅದು ಯಾಕೆ ಒಂದೇ ಪದವಾಯಿತು ಎಂದು ವನಜಾಕ್ಷಿ ಎಂದೂ ಯೋಚಿಸಿರಲಿಲ್ಲ.

ಅವಳು ಸೌಟು ತೆಗೆದುಕೊಂಡಳು.

*

ಲೇಪ ಬಂದು ಎರಡು ವರ್ಷವಾಗಿತ್ತು.

ಅದಕ್ಕೂ ಮೊದಲಿನ ಒಂದು ಆಷಾಢವನ್ನು ಘಟಕದವರು ಯಾರೂ ಮರೆತಿರಲಿಲ್ಲ. ಆ ಒಂದು ತಿಂಗಳಲ್ಲಿ ಹನ್ನೊಂದು ಕೂಸುಗಳು ಹೋದವು. ಯಾವ ಔಷಧಿಗೂ ಬಗ್ಗದ ಸೂಕ್ಷ್ಮಜೀವಿಯೊಂದು ನಲ್ಲಿಯ ತಿರುಗಣೆಯಲ್ಲಿ, ಸಲೈನ್ ಪಂಪಿನ ಒತ್ತುಗುಂಡಿಯಲ್ಲಿ, ಕೊನೆಗೆ ಹುಡುಕಿದಾಗ ಎಲ್ಲಕ್ಕಿಂತ ಹೆಚ್ಚಾಗಿ ನರ್ಸುಗಳ ಕೈಯಲ್ಲಿ ಕೂತಿತ್ತು. ಯಾರ ಕೈ ಎಂದು ಗೊತ್ತಾಗಲಿಲ್ಲ. ಎಲ್ಲರ ಕೈಯೂ ಹೌದು. ಹನ್ನೊಂದರಲ್ಲಿ ಮೂರನ್ನು ವನಜಾಕ್ಷಿ ತಾನೇ ಬಿಳಿ ಬಟ್ಟೆಯಲ್ಲಿ ಸುತ್ತಿ ಕೊಟ್ಟಿದ್ದಳು.

ಆದ್ದರಿಂದ ಲೇಪ ಬಂದಾಗ ಅವಳಿಗೆ ದೇವರು ಬಂದಷ್ಟು ಸಂತೋಷವಾಗಿತ್ತು. ಎರಡೂ ಕೈಯನ್ನು ಒಂದು ಪೆಟ್ಟಿಗೆಯೊಳಗೆ ಇಟ್ಟು ಎಂಟು ನಿಮಿಷ ಕೂತರೆ ಸಾಕು, ಕೂದಲೆಳೆಯ ಸಾವಿರದಲ್ಲೊಂದು ಪಾಲು ದಪ್ಪದ ಪೊರೆ ಚರ್ಮಕ್ಕೆ ಹಿಡಿದುಕೊಳ್ಳುತ್ತಿತ್ತು. ಅದರ ಮೈಮೇಲೆಲ್ಲ ಕಣ್ಣಿಗೆ ಕಾಣದ ಮುಳ್ಳುಗಳು. ತಗುಲಿದ ಸೂಕ್ಷ್ಮಜೀವಿ ಮುಳ್ಳಿಗೆ ಸಿಕ್ಕಿ ಒಡೆದುಹೋಗುತ್ತದೆ. "ಮುಟ್ಟಿದ್ದನ್ನು ಮಾತ್ರ ಕೊಲ್ಲುತ್ತದೆ, ಕೈ ಬಿಟ್ಟು ಎಲ್ಲಿಗೂ ಹೋಗುವುದಿಲ್ಲ" ಎಂದು ತರಬೇತಿ ಕೊಡಲು ಬಂದ ಕಂಪನಿಯವರು ಎರಡೆರಡು ಸಲ ಹೇಳಿದ್ದರು. ಮೂರು ತಿಂಗಳು ಬಾಳಿಕೆ, ಆಮೇಲೆ ಮತ್ತೆ ಪೆಟ್ಟಿಗೆ. ಇದ್ದದ್ದು ಒಂದೇ ಪಥ್ಯ. ಲೇಪದ ಹಿಂದಿನ ದಿನ ಕೈಗೆ ಎಣ್ಣೆ ಮುಟ್ಟಿಸುವಂತಿಲ್ಲ, ಮುಟ್ಟಿಸಿದರೆ ಪೊರೆ ಹಿಡಿಯುವುದಿಲ್ಲ.

ಮೊದಲ ವರ್ಷ ಘಟಕದಲ್ಲಿ ಒಂದು ಮಗುವಿಗೂ ಸೋಂಕು ತಗುಲಲಿಲ್ಲ. ಕೈಗವಸು ನಿಂತಿತು. ಘಟಕದ ಒಳಗಿದ್ದ ಕೈತೊಳೆಯುವ ಬೇಸಿನ್ನುಗಳನ್ನು ಕಿತ್ತು, ಆ ಜಾಗದಲ್ಲಿ ಆಸ್ಪತ್ರೆಗೆ ಸಿಕ್ಕ ಪ್ರಶಸ್ತಿಪತ್ರಕ್ಕೆ ಚೌಕಟ್ಟು ಹಾಕಿಸಿ ತೂಗುಹಾಕಿದರು. ಬಾಗಿಲಿಗೆ ನೇರಳೆ ಬೆಳಕಿನ ದೀಪ ಬಂತು. ಅದರ ಕೆಳಗೆ ಅಂಗೈ ಹಿಡಿದರೆ ಲೇಪ ಹಸಿರಾಗಿ ಹೊಳೆಯಬೇಕು, ಹೊಳೆದರೆ ಬಾಗಿಲು ತೆರೆಯುತ್ತದೆ. ಲೇಪವಿಲ್ಲದ ಕೈ ಯಾರದೇ ಆಗಲಿ, ಒಳಗೆ ಹೋಗುವಂತಿಲ್ಲ. ತಾಯಿಯದೂ ಸೇರಿ.

ಆ ಸೋಮವಾರ ಬೆಳಿಗ್ಗೆ ವನಜಾಕ್ಷಿ ಬಾಗಿಲಿಗೆ ಬಂದಾಗ ಗಾಜಿನ ಈಚೆ ಮಹದೇವಿ ನಿಂತಿದ್ದಳು. ಅಗರಬತ್ತಿ ಹೊಸೆಯುವವಳು. ಏಳೂವರೆ ತಿಂಗಳಿಗೆ ಅವಳಿಜವಳಿ ಹೆತ್ತಿದ್ದಳು, ಎರಡೂ ಗಂಡು. ಅವಳ ಅಂಗೈಯ ಗೆರೆಗಳಲ್ಲಿ ಊದುಬತ್ತಿಯ ಕಪ್ಪು ಎಷ್ಟು ತಿಕ್ಕಿದರೂ ಹೋಗದಂತೆ ಕೂತಿತ್ತು. ಸಿಸ್ಟರುಗಳ ಎದುರು ಅವಳು ಯಾವಾಗಲೂ ಕೈಯನ್ನು ಸೆರಗಿನೊಳಗೆ ಇಟ್ಟುಕೊಳ್ಳುತ್ತಿದ್ದಳು.

"ದೊಡ್ಡೋನ್ನ ಇವತ್ತು ಕಳಿಸ್ತಾರಂತಲ್ಲ ಸಿಸ್ಟರಮ್ಮ."

"ಹೂಂ. ಎರಡು ಕೆಜಿ ಆಗಿದಾನೆ ನಿನ್ನ ಪೈಲ್ವಾನ. ಚಿಕ್ಕೋನು ಇನ್ನೂ ಮೂರು ವಾರ ನಮ್ಮ ಜೊತೆ."

"ಇನ್ನು ಎತ್ಕೋಬೋದಾ ನಾನು?"

"ನಿನ್ನ ಮಗ ಕಣಮ್ಮ. ಮನೆಗೆ ಹೋದ್ಮೇಲೆ ಯಾರು ಬೇಡ ಅಂತಾರೆ?"

"ಅಲ್ಲ, ಈ ಕೈಲಿ ಎತ್ಕೋಬೋದಾ ಅಂತ" ಎಂದಳು ಮಹದೇವಿ. ನಲವತ್ತು ದಿನದಲ್ಲಿ ಅವಳು ಮಗುವನ್ನು ಒಮ್ಮೆಯೂ ಮುಟ್ಟಿರಲಿಲ್ಲ. ಎದೆಹಾಲನ್ನು ಬಟ್ಟಲಿಗೆ ಹಿಂಡಿ ಕಿಂಡಿಯಲ್ಲಿ ಕೊಡುತ್ತಿದ್ದಳು. ಅದನ್ನು ಒಳಲೆಯಲ್ಲಿ ತೊಟ್ಟುತೊಟ್ಟಾಗಿ ಕುಡಿಸುತ್ತಿದ್ದುದು ವನಜಾಕ್ಷಿ. ಒಳಲೆಯ ತುದಿಗೆ ಬಾಯಿ ತೆರೆಯದಿದ್ದರೆ ಕಿರುಬೆರಳನ್ನು ಹಾಲಿನಲ್ಲಿ ಅದ್ದಿ ಚೀಪಿಸುತ್ತಿದ್ದಳು.

ಒಳಗೆ ಹೋಗಿ ಚಿಕ್ಕವನ ಬಟ್ಟೆ ಬದಲಿಸುವಾಗ ಅಭ್ಯಾಸಬಲದಿಂದ ಮೂಗು ಹತ್ತಿರ ಒಯ್ದಳು. ಬಟ್ಟೆ ಹಳದಿಯಾಗಿತ್ತು. ವಾಸನೆ ಇರಲಿಲ್ಲ. ಘಟಕದ ಯಾವ ಮಗುವಿನ ಬಟ್ಟೆಗೂ ಈಗ ವಾಸನೆ ಇಲ್ಲ. ತಪಾಸಣೆಗೆ ಬಂದ ಅಧಿಕಾರಿಗಳು, "ಎಷ್ಟು ಸ್ವಚ್ಛ, ಹೂವಿನಂಗಡಿ ಇದ್ದ ಹಾಗಿದೆ" ಎಂದು ಹೊಗಳಿ ಹೋಗಿದ್ದರು.

ಮಧ್ಯಾಹ್ನ ಊಟದ ಡಬ್ಬಿ ಹಿಡಿದು ನಿಯಂತ್ರಣ ಕೊಠಡಿಗೆ ಹೋದಳು. ಗೋಡೆಯ ತುಂಬ ಪರದೆಗಳು. ಒಂದೊಂದರಲ್ಲಿ ಒಬ್ಬೊಬ್ಬ ನರ್ಸಿನ ಅಂಗೈ, ಅದರ ಕೆಳಗೆ ಲೇಪ ಎಷ್ಟು ಪಾಲು ಉಳಿದಿದೆ ಎಂಬ ಅಂಕಿ. ಅವುಗಳ ಮುಂದೆ ಕೂರುವ ಶೈಲಜಾ ಊಟಕ್ಕೆ ಜೊತೆ ಸಿಕ್ಕರೆ ಬಾಯಿ ಮುಚ್ಚುವವಳಲ್ಲ.

"ಅಕ್ಕ, ಈ ಯಂತ್ರ ನಂಬಿಕೊಂಡು ಕೂತಿರೋ ನಾನು ಎಂಥ ದಡ್ಡಿ ಗೊತ್ತಾ? ನಮ್ಮ ಸವಿತಾ ಇದಾಳಲ್ಲ, ದೀಪಾವಳಿಗೆ ಎಣ್ಣೆಸ್ನಾನ ಮಾಡ್ಕೊಂಡು ಬಂದು ಲೇಪ ಹಾಕಿಸ್ಕೊಂಡ್ಳು. ಪೆಟ್ಟಿಗೆ 'ಸರಿ' ಅಂತು. ಸಂಜೆ ಟವೆಲ್‌ಗೆ ಕೈ ಒರೆಸ್ಕೊಂಡ್ರೆ ಈರುಳ್ಳಿ ಸಿಪ್ಪೆ ಥರ ಕಿತ್ಕೊಂಡು ಬಂತಂತೆ. ಮಾರನೇ ದಿನ ಬಾಗಿಲು ಕೆಂಪು, ಅವಳ ಮುಖ ಅದಕ್ಕಿಂತ ಕೆಂಪು."

"ಅದು ಹಳೇ ಕತೆ."

"ಹೊಸದು ಕೇಳಿ. ಅವಳೇ ತಂಗಿ ಮದುವೆಗೆ ಹೋಗಿದ್ಳಲ್ಲ, ಬರೋವಾಗ ಲೇಪದ ಅವಧಿ ಮುಗಿದು ಹತ್ತು ದಿನ. ಕೈಯಲ್ಲಿ ಏನೂ ಇಲ್ಲ. ಆದ್ರೆ ಅರಿಶಿನ ಶಾಸ್ತ್ರ ಮಾಡಿ ಬಂದ ಕೈ. ದೀಪದ ಕೆಳಗೆ ಹಿಡಿದ್ಳು ನೋಡಿ, ಹಸಿರೋ ಹಸಿರು. ನೂರಕ್ಕೆ ನೂರಾ ಹತ್ತು ತೋರಿಸ್ತು." ಶೈಲಜಾ ನಕ್ಕು ನಕ್ಕು ಕಣ್ಣೊರೆಸಿಕೊಂಡಳು. "ಅರಿಶಿನವೂ ಆ ಬೆಳಕಿಗೆ ಹೊಳೆಯುತ್ತಂತೆ. ನಾನೇ ಅವಳನ್ನ ಈಚೆ ಕರ್ಸಿ ಪೆಟ್ಟಿಗೆಗೆ ಕಳಿಸ್ದೆ. ಮೇಲಕ್ಕೂ ಬರೆದು ಕಳಿಸ್ದೆ. ಉತ್ತರ ಇಲ್ಲ. ಮದುವೆ ಎಲ್ಲಾ ತಿಂಗಳೂ ಬರಲ್ವಲ್ಲ ಅಂದ್ಕೊಂಡ್ರೇನೋ."

ವನಜಾಕ್ಷಿಯೂ ನಕ್ಕಳು. ಆ ದಿನ ನಗಲು ಅಡ್ಡಿಯಿರಲಿಲ್ಲ. ದೊಡ್ಡವನು ಹೊಸ ಟೋಪಿ ಹಾಕಿಕೊಂಡು ತಾಯಿಯ ಸೆರಗಿನೊಳಗೆ ಮನೆಗೆ ಹೋಗಿದ್ದ.

*

ಹದಿಮೂರನೆಯ ದಿನ ಅವನು ವಾಪಸ್ಸು ಬಂದ. ಹೊಟ್ಟೆ ತಮಟೆಯಂತೆ ಬಿಗಿದಿತ್ತು. ಮನೆಗೆ ಹೋದ ಮಗು ಮತ್ತೆ ಬಂದರೆ ಹಸಿಗೂಸುಗಳ ಘಟಕಕ್ಕೆ ಸೇರಿಸುವುದಿಲ್ಲ, ಕೆಳಗಿನ ಮಕ್ಕಳ ವಾರ್ಡಿಗೆ ಹಾಕುತ್ತಾರೆ. ವನಜಾಕ್ಷಿ ಪಾಳಿ ಮುಗಿಸಿ ಇಳಿದು ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಮಹದೇವಿ ಅಳುತ್ತಿರಲಿಲ್ಲ. ವಾರ್ಡಿನ ವೈದ್ಯೆ ಕೇಳುತ್ತಿದ್ದ ಪ್ರಶ್ನೆಗಳಿಗೆ ಶಾಲೆಯ ಹುಡುಗಿಯಂತೆ ನಿಂತು ಉತ್ತರ ಹೇಳುತ್ತಿದ್ದಳು. ಜೇನು ನೆಕ್ಕಿಸಿದೆಯಾ? ಇಲ್ಲ. ಬಜೆ ತೇದು ಹಾಕಿದೆಯಾ? ಒಂದೇ ಒಂದ್ಸಲ, ನಮ್ಮವ್ವ ಹಾಕುದ್ಲು. ಕೈ ತೊಳೀತಿದ್ಯಾ? ತೊಳೀತಿದ್ದೆ. ಎಷ್ಟು ಸಲ? ಮಹದೇವಿ ತನ್ನ ಅಂಗೈ ತಿರುಗಿಸಿ ನೋಡಿಕೊಂಡಳು. ವೈದ್ಯೆಯೂ ನೋಡಿದರು, ಮತ್ತೆ ಏನನ್ನೂ ಕೇಳದೆ ಬರೆದುಕೊಂಡರು.

ಹೊರಗೆ ಜಗಲಿಯಲ್ಲಿ ಕೂತ ಮೇಲೆ ಅವಳು ವನಜಾಕ್ಷಿಯ ಎರಡೂ ಕೈ ಹಿಡಿದುಕೊಂಡಳು.

"ನಿಮ್ಮ ಕೈಲೇ ಇದ್ದಿದ್ರೆ ಉಳ್ಕತಿತ್ತು ಸಿಸ್ಟರಮ್ಮ. ನಾನು ಮುಟ್ಟಿ ಕೊಂದೆ."

"ಹಂಗನ್ಬಾರ್ದು ಮಹದೇವಿ."

"ಅವ್ರೂ ಅದನ್ನೇ ಬರ್ಕಂಡ್ರು, ನಂಗೆ ಗೊತ್ತಾಯ್ತು. ಒಂದ್ ಮಾತು ನಡ್ಸಿಕೊಡಿ. ಚಿಕ್ಕೋನ್ನ ನೀವೇ ನೋಡ್ಕಳಿ. ಬ್ಯಾರೆ ಯಾರ್ ಕೈಗೂ ಕೊಡ್ಬ್ಯಾಡಿ. ನನ್ ಕೈಗೂ ಕೊಡ್ಬ್ಯಾಡಿ."

ಅವಳ ಕಪ್ಪು ಗೆರೆಯ ಕೈಗಳು ಬಿಸಿಯಾಗಿದ್ದವು. ಬೆವರುತ್ತಿದ್ದವು. ವನಜಾಕ್ಷಿಯ ಕೈಗಳು ಬೆವರಲಿಲ್ಲ.

ಮನೆಯಲ್ಲಿ ಅತ್ತೆಗೆ ಇಷ್ಟನ್ನೂ ಹೇಳಿದಳು. ಬೇರೆ ಯಾರಿಗೆ ಹೇಳುವುದು? ಸಾಕಮ್ಮ ಕಾಲು ನೀಡಿಕೊಂಡು ಮಂಡಿಗೆ ಹರಳೆಣ್ಣೆ ತಿಕ್ಕಿಕೊಳ್ಳುತ್ತಿದ್ದರು. ತಿಕ್ಕುವುದನ್ನು ನಿಲ್ಲಿಸಿ ಒಂದೇ ಪ್ರಶ್ನೆ ಕೇಳಿದರು.

"ಅದರ ಬಟ್ಟೆ ಹುಳಿ ವಾಸನೆ ಬರ್ತಿತ್ತಾ?"

"ಯಾಕೆ ಅತ್ತೆ?"

"ಎದೆಹಾಲು ಕುಡಿಯೋ ಕೂಸಿನ ಬಟ್ಟೆ ಮಜ್ಜಿಗೆ ವಾಸನೆ ಬರಬೇಕು ಕಣೇ. ನನಗೆ ಬಾಣಂತನ ಮಾಡಿದ ಮುದುಕಿ ಮೊದಲು ಬಟ್ಟೆ ಮೂಸಿ ನೋಡ್ತಿದ್ಳು. ವಾಸನೆ ಇಲ್ದಿದ್ರೆ, ಹೊಟ್ಟೇಲಿ ಹಾಲು ಹೆಪ್ಪಾಗ್ತಿಲ್ಲ, ತಾಯಿ ಮೈಗೆ ಅಂಟಿಸಿ ಮಲಗಿಸ್ರಿ ಅಂತ ಬಯ್ಯೋಳು. ಕೂಸಿನ ಹೊಟ್ಟೇನೂ ಒಂದು ಪಾತ್ರೆ ತಾನೆ? ಯಾರಾದ್ರೂ ಹೆಪ್ಪು ಹಾಕ್ಬೇಕು."

ವನಜಾಕ್ಷಿ ಅಡುಗೆಮನೆಯ ಕಟ್ಟೆಯ ಮೇಲಿದ್ದ ಹಿಟ್ಟಿನ ಪಾತ್ರೆಯ ಕಡೆ ನೋಡಿದಳು.

*

ಮಾರನೆಯ ವಾರದ ರಜೆಯ ದಿನ ಅವಳು ಒಂದೇ ಸಲ ರುಬ್ಬಿದ ಹಿಟ್ಟನ್ನು ಮೂರು ಪಾತ್ರೆಗೆ ಹಾಕಿದಳು. ಮೊದಲನೆಯದಕ್ಕೆ ಅತ್ತೆಯಿಂದ ಕೈ ಹಾಕಿಸಿದಳು. ಎರಡನೆಯದಕ್ಕೆ ಸೌಟು, ಬರೀ ನಲ್ಲಿ ನೀರು. ಮೂರನೆಯದಕ್ಕೂ ಸೌಟೇ. ಆದರೆ ಅದಕ್ಕೆ ಹಾಕಿದ ನೀರಿನಲ್ಲಿ ಮೊದಲು ತನ್ನ ಎರಡೂ ಕೈಯನ್ನು ಕಾಲು ಗಂಟೆ ನೆನೆಸಿಟ್ಟಿದ್ದಳು. ಹಿಟ್ಟನ್ನಂತೂ ಅವಳು ಮುಟ್ಟಲಿಲ್ಲ.

"ಏನಿದು, ಬೊಂಬೆ ಕೂರಿಸ್ದಂಗೆ ಸಾಲಾಗಿ?" ಎಂದರು ಅತ್ತೆ.

"ನೋಡೋಣ ಅಂತ."

ಬೆಳಿಗ್ಗೆ ಮೊದಲನೆಯದು ಮುಚ್ಚಳವನ್ನೇ ಎತ್ತಿ ಕಟ್ಟೆಯ ಮೇಲೆ ಇಳಿದಿತ್ತು. ಎರಡನೆಯದು ತಡವಾಗಿ, ಆದರೂ ಪಾತ್ರೆಯ ಕತ್ತಿನವರೆಗೆ ಬಂದಿತ್ತು. ಮೂರನೆಯದು ಹಾಕಿದ ಗುರುತಿನಲ್ಲೇ ನಿಂತಿತ್ತು. ಮೇಲೆ ತಿಳಿನೀರು, ಕೆಳಗೆ ಕಲ್ಲಿನಂಥ ಹಿಟ್ಟು. ಮೂಸಿದಳು. ವಾಸನೆ ಇರಲಿಲ್ಲ.

ವನಜಾಕ್ಷಿಗೆ ಕಾಲೇಜಿನ ವಿಜ್ಞಾನ ಎಷ್ಟೋ ಮರೆತಿತ್ತು. ಆದರೆ ಇದಕ್ಕೆ ಅಷ್ಟು ವಿಜ್ಞಾನ ಬೇಕಿರಲಿಲ್ಲ. ಲೇಪ ಮುಟ್ಟಿದ್ದನ್ನು ಮಾತ್ರ ಕೊಲ್ಲುವುದಾದರೆ ಈ ಪಾತ್ರೆಯನ್ನು ಅದು ಮುಟ್ಟಿಯೇ ಇಲ್ಲ. ಕೈ ಬಿಟ್ಟು ಎಲ್ಲಿಗೂ ಹೋಗದ್ದು ನೀರಿಗೆ ಹೋಗಿದೆ. ನೀರಿಗೆ ಹೋದದ್ದು ಎದೆಹಾಲಿಗೆ ಹೋಗುವುದಿಲ್ಲವೇ? ಹಾಲಿನಲ್ಲಿ ಅದ್ದಿದ ಕಿರುಬೆರಳಿನಿಂದ, ತೊಟ್ಟುತೊಟ್ಟಾಗಿ, ದಿನಕ್ಕೆ ಹನ್ನೆರಡು ಸಲ, ನಲವತ್ತು ದಿನ. ಕೂಸಿನ ಹೊಟ್ಟೆಯಲ್ಲಿ ಹುಟ್ಟಬೇಕಾದ ಒಂದೂ ಹುಟ್ಟಲಿಲ್ಲ. ಖಾಲಿ ಬಿದ್ದ ಮನೆಗೆ ಆಮೇಲೆ ಯಾರು ಬೇಕಾದರೂ ನುಗ್ಗಬಹುದು.

ಅವಳ ಮೊಬೈಲಿನಲ್ಲಿ ತಾಯಂದಿರ ನಂಬರುಗಳಿದ್ದವು. ಹಬ್ಬಕ್ಕೆ ಮಕ್ಕಳ ಫೋಟೋ ಕಳಿಸುತ್ತಿದ್ದವರು. ಆ ವರ್ಷ ಮನೆಗೆ ಹೋದ ಹದಿನಾರು ಮಂದಿಗೆ ಫೋನು ಮಾಡಿದಳು. ಹತ್ತು ಮಕ್ಕಳು ಚೆನ್ನಾಗಿದ್ದವು. ಎರಡು ನಂಬರುಗಳಿಂದ ಉತ್ತರ ಬರಲಿಲ್ಲ. ನಾಲ್ಕು ಮಕ್ಕಳು ತಿಂಗಳೊಳಗೆ ಹೊಟ್ಟೆ ಉಬ್ಬರಿಸಿ ಹೋಗಿದ್ದವು. ಒಂದು ಇನ್ನೊಂದು ಊರಿನ ಆಸ್ಪತ್ರೆಯಲ್ಲಿ, ಎರಡು ಮನೆಯಲ್ಲಿ, ಒಂದು ಬಸ್ಸಿನಲ್ಲಿ. ನಾಲ್ಕು ತಾಯಂದಿರೂ ಕೊನೆಗೆ ಒಂದೇ ಮಾತು ಹೇಳಿದರು. ನಾನೇ ಏನೋ ತಪ್ಪು ಮಾಡಿದೆ ಸಿಸ್ಟರ್.

*

ಡಾಕ್ಟರ್ ಪ್ರಹ್ಲಾದ ಸೋಂಕು ತಡೆಯುವ ವಿಭಾಗದ ಮುಖ್ಯಸ್ಥರು. ಒಳ್ಳೆಯ ಮನುಷ್ಯ. ಆ ಆಷಾಢದಲ್ಲಿ ಒಂಬತ್ತನೆಯ ಮಗು ಹೋದ ದಿನ ಮೆಟ್ಟಿಲ ಕೆಳಗೆ ನಿಂತು ಅತ್ತದ್ದನ್ನು ವನಜಾಕ್ಷಿ ಕಂಡಿದ್ದಳು. ಈಗ ಅವರು ಅವಳ ಮಾತನ್ನು ಕೊನೆಯವರೆಗೂ ಕೇಳಿದರು. ಮೂರು ಪಾತ್ರೆಯ ಫೋಟೋ ನೋಡಿದರು. ತುಟಿಯಂಚಿಗೆ ಬಂದ ನಗೆಯನ್ನು ತಡೆದುಕೊಂಡದ್ದು ಅವಳಿಗೆ ಕಂಡಿತು.

"ಕಂಪನಿಗೆ ಬರೀತೀನಿ ಸಿಸ್ಟರ್. ಏನಂತ ಬರೀಲಿ? ದೋಸೆ ಹಿಟ್ಟು ಹುಳಿ ಬರಲಿಲ್ಲ ಅಂತನಾ?"

"ಹಾಗೇ ಬರೀರಿ ಸಾರ್. ಅವರ ಮನೇಲೂ ದೋಸೆ ಮಾಡ್ತಾರಲ್ಲ."

"ನಾಲ್ಕು ಮಕ್ಕಳು ಅಂತೀರಿ. ಪೋಸ್ಟ್‌ಮಾರ್ಟಂ ಆಗಿದೆಯಾ? ಮನೇಲಿ ಏನೇನು ಕುಡಿಸಿದ್ರೋ."

"ಐದು ಸಾರ್. ಮಹದೇವಿ ಮಗ ಸೇರಿ ಐದು."

"ನಮ್ಮ ಘಟಕದಲ್ಲಿ ಎರಡು ವರ್ಷದಿಂದ ಸೊನ್ನೆ."

"ಮನೆಗೆ ಹೋಗಿ ಸತ್ತ ಮಗು ನಮ್ಮ ಲೆಕ್ಕಕ್ಕೆ ಬರಲ್ವಲ್ಲ. ಅದಕ್ಕೇ ಸೊನ್ನೆ."

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಆಮೇಲೆ ಆಡಿದ ಮಾತಿನಲ್ಲಿ ನಗೆ ಇರಲಿಲ್ಲ.

"ಆ ಹನ್ನೊಂದು ನಿಮಗೆ ಮರೆತಿದೆಯಾ ಸಿಸ್ಟರ್? ಒಂದೇ ತಿಂಗಳು. ನೀವು ಹೇಳೋದು ನಿಜ ಅಂತಲೇ ಇಟ್ಕೊಳ್ಳಿ, ಲೇಪ ತೆಗೆದ್ರೆ ನಾಳೆ ಅದು ವಾಪಸ್ ಬರಲ್ಲ ಅಂತ ನೀವು ಬರೆದುಕೊಡ್ತೀರಾ? ನನಗೆ ಧೈರ್ಯ ಇಲ್ಲ. ಒಂದು ಕೈ ತಪ್ಪಿದ್ರೆ ಸಾಕು."

ಬಟ್ಟೆಯಲ್ಲಿ ಸುತ್ತಿದ ಮೂರು ಕೂಸುಗಳ ಭಾರ ಅವಳ ತೋಳಿಗೆ ಇನ್ನೂ ನೆನಪಿತ್ತು.

"ನನ್ನೊಬ್ಬಳಿಗೆ ಲೇಪ ಬೇಡ ಸಾರ್. ಮೊದಲಿನ ಥರ ಕೈ ತೊಳ್ಕೊಂಡು ಕೆಲಸ ಮಾಡ್ತೀನಿ."

"ಬೇಡ ಅಂತ ಬರೆದುಕೊಟ್ಟ ದಿನವೇ ನಿಮ್ಮನ್ನ ಔಷಧಿ ಉಗ್ರಾಣಕ್ಕೆ ಹಾಕ್ತಾರೆ. ನಿಮ್ಮ ಜಾಗಕ್ಕೆ ಇನ್ನೊಬ್ಬರು ಬರ್ತಾರೆ, ಅವರ ಕೈಗೂ ಲೇಪ ಇರುತ್ತೆ. ಆ ಮಗುಗೆ ಏನು ಉಪಯೋಗ ಹೇಳಿ?" ಅವರು ಕನ್ನಡಕ ಹಾಕಿಕೊಂಡು ಪರದೆಯ ಕಡೆ ತಿರುಗಿದರು. "ನಿಮ್ಮ ಲೇಪ ಗುರುವಾರ ಮುಗಿಯುತ್ತೆ ಅಂತಿದೆ. ಬೆಳಿಗ್ಗೆ ಒಂಬತ್ತಕ್ಕೆ ಪೆಟ್ಟಿಗೆ. ಎಣ್ಣೆ ಮುಟ್ಟಬೇಡಿ."

*

ಬುಧವಾರ ಸಂಜೆ ಅವಳು ಅತ್ತೆಯ ಮಂಡಿಗೆ ಹರಳೆಣ್ಣೆ ತಿಕ್ಕಿದಳು. ದಿನವೂ ತಾವೇ ತಿಕ್ಕಿಕೊಳ್ಳುತ್ತಿದ್ದ ಸಾಕಮ್ಮ, "ಇವತ್ತೇನು ಸೂರ್ಯ ಯಾವ ಕಡೆ ಹುಟ್ಟಿದ?" ಎಂದು ಕೇಳಿ, ಆದರೂ ಕಾಲು ನೀಡಿದರು. ಅವಳು ಬಹಳ ಹೊತ್ತು ತಿಕ್ಕಿದಳು. ಅವಧಿ ಮುಗಿಯುತ್ತ ಬಂದಿದ್ದ ಲೇಪ ಬೆರಳ ಸಂದಿಗಳಲ್ಲಿ ಆಗಲೇ ಸಿಪ್ಪೆ ಏಳುತ್ತಿತ್ತು. ಎಣ್ಣೆ ಇಳಿಯಲು ಚರ್ಮ ಕಾದಿದ್ದಂತೆ ಇಳಿಯಿತು. ಇದು ನಿರ್ಧಾರವೇನಲ್ಲ, ಮುದುಕಿಯ ಕಾಲು ನೋಯುತ್ತಿದೆ ಅಷ್ಟೆ ಎಂದು ತನಗೆ ತಾನೇ ಹೇಳಿಕೊಂಡಳು.

ಗುರುವಾರ ಪೆಟ್ಟಿಗೆ ಎಂಟು ನಿಮಿಷ ಗುಂಯ್‌ಗುಟ್ಟಿ 'ಸರಿ' ಎಂದಿತು. ಸಹಿ ಹಾಕಿದಳು. ಲೇಪವಾದ ದಿನ ಕೂಸುಗಳನ್ನು ಮುಟ್ಟುವಂತಿಲ್ಲ. ಇಡೀ ದಿನ ಹೊರಗಿನ ಕೋಣೆಯಲ್ಲಿ ಬಟ್ಟೆ ಮಡಚಿದಳು. ಸಂಜೆ ಬಸ್ಸಿನಲ್ಲಿ ಕರವಸ್ತ್ರಕ್ಕೆ ಕೈ ಒರೆಸಿಕೊಂಡಳು. ಪೊರೆ ಉಂಡೆಯುಂಡೆಯಾಗಿ ಬಂತು. ಕಿಟಕಿಯ ಹೊರಗೆ ನೋಡುತ್ತ, ಪಕ್ಕದವರಿಗೆ ಕಾಣದಂತೆ, ಇಳಿಯುವ ನಿಲ್ದಾಣದವರೆಗೂ ಒರೆಸುತ್ತಲೇ ಇದ್ದಳು.

ಮನೆಗೆ ಬಂದು ಹಿಟ್ಟು ರುಬ್ಬಿದಳು. ಅತ್ತೆ ದೇವರಮನೆಯಲ್ಲಿದ್ದಾಗ ಪಾತ್ರೆಯೊಳಗೆ ಕೈ ಇಳಿಸಿದಳು. ಎರಡು ವರ್ಷದ ಮೇಲೆ ಹಿಟ್ಟು ಕೈಗೆ ಅಂಟಿತು. ಬೆರಳುಗಳ ನಡುವೆ ಹಿಡಿದು ಎಳೆಯಿತು.

ಶುಕ್ರವಾರ ಬೆಳಿಗ್ಗೆ ಮುಚ್ಚಳ ಓರೆಯಾಗಿತ್ತು. ಹಿಟ್ಟು ಪಾತ್ರೆಯ ಅಂಚು ದಾಟಿ, ಕಟ್ಟೆಯಿಂದ ತೊಟ್ಟಿಕ್ಕಿ ನೆಲದ ಮೇಲೆ ಒಂದು ಬಿಳಿ ಬಟ್ಟಲಿನಷ್ಟು ನಿಂತಿತ್ತು. ಹುಳಿ ವಾಸನೆ ಹಿತ್ತಲವರೆಗೂ ಹಬ್ಬಿತ್ತು.

"ವನಜಾ" ಎಂದರು ಅತ್ತೆ ಬಾಗಿಲಲ್ಲಿ ನಿಂತು. ಅವರ ಮುಖ ಅರಳಿತ್ತು. "ಕೈಯಲ್ಲಿ ಕಲೆಸಿದ್ಯಾ? ಬಂತಲ್ಲೇ ಕೈಗುಣ ವಾಪಸ್ಸು."

ವನಜಾಕ್ಷಿ ನಗಲಿಲ್ಲ. ಅಂಗೈ ತಿರುಗಿಸಿ ನೋಡಿಕೊಂಡಳು. ಕೈ ಬದುಕಿತ್ತು. ಹಿಟ್ಟನ್ನು ಎಬ್ಬಿಸಿದ ಜೀವವೆಲ್ಲ ಆ ಗೆರೆಗಳಲ್ಲಿತ್ತು, ಮಹದೇವಿಯ ಕೈಯಲ್ಲಿದ್ದಂತೆ. ಆ ಆಷಾಢದಲ್ಲಿ ಹನ್ನೊಂದು ಕೂಸುಗಳನ್ನು ಒಯ್ದದ್ದು ಕೂಡ ಇಂಥದೇ ಬದುಕಿದ ಕೈಯಲ್ಲಿ ಕೂತು ಬಂದಿತ್ತು. ಅದು ತನ್ನದೇ ಇದ್ದೀತು. ಎರಡರಲ್ಲಿ ಯಾವುದು ಒಂದು ಕಿಲೋ ಆರುನೂರು ಗ್ರಾಮಿನ ಚಿಕ್ಕವನ ಬಾಯಿಗೆ ಹೋಗುತ್ತದೆ ಎಂದು ಹೇಳುವ ದೀಪ ಯಾವ ಬಾಗಿಲಲ್ಲೂ ಇಲ್ಲ. ಅವಳ ಪಾಳಿ ಎಂಟು ಗಂಟೆ. ಉಳಿದ ಹದಿನಾರು ಗಂಟೆ ಅವನನ್ನು ಎತ್ತಿಕೊಳ್ಳುವವರು ಬೇರೆ.

ಘಟಕದ ಹಾಲಿನ ಕೋಣೆಯಲ್ಲಿ ಬಟ್ಟಲು ತೊಳೆಯುವ ನಲ್ಲಿಯನ್ನು ಕಿತ್ತಿರಲಿಲ್ಲ. ಅವಳಿಗೆ ಅದು ನೆನಪಾಯಿತು.

ನೆಲ ಒರೆಸಿ, ಸೋಪು ತೆಗೆದುಕೊಂಡು ನಲ್ಲಿಯ ಕೆಳಗೆ ಕೈ ಹಿಡಿದಳು. ಹಳೆಯ ಮೇಟ್ರನ್ ಕಲಿಸಿದ್ದು ಇಪ್ಪತ್ತೆರಡು ವರ್ಷದ ಹಿಂದೆ. ಅಂಗೈ, ಮುಂಗೈ, ಬೆರಳ ಸಂದಿ, ಹೆಬ್ಬೆರಳ ಬುಡ, ಉಗುರು, ಮಣಿಕಟ್ಟು, ನಿಧಾನವಾಗಿ ಇಪ್ಪತ್ತು ಎಣಿಸುವವರೆಗೆ. ಪ್ರತಿ ಮಗುವಿಗೆ ಮುಂಚೆ ಒಂದು ಸಲ, ಆಮೇಲೆ ಒಂದು ಸಲ. ಕೈ ಒಂದನ್ನೂ ಮರೆತಿರಲಿಲ್ಲ. ಒಂದು ಪಾಳಿಗೆ ಅರವತ್ತು ಸಲವಾದರೂ ಆಗುತ್ತದೆ. ಒಂದೇ ಒಂದು ಸಲ ತಪ್ಪಬಾರದು.

ಆಮೇಲೆ ಡಬ್ಬಿಯಿಂದ ಅರಿಶಿನದ ಕೊಂಬು ತೆಗೆದು ತೇಯುವ ಕಲ್ಲಿನ ಮೇಲೆ ನೀರು ಚಿಮುಕಿಸಿ ತೇಯತೊಡಗಿದಳು. ಗಂಡ ಹೋದ ಮೇಲೆ ಆ ಕಲ್ಲನ್ನು ಮುಟ್ಟಿರಲಿಲ್ಲ.

ಅತ್ತೆ ನೋಡಿದರು. "ಯಾಕೆ, ಅರಿಶಿನ?"

"ಕೈ ಒಡೆದಿದೆ ಅತ್ತೆ."

ಸಾಕಮ್ಮ ಅವಳ ಕೈ ನೋಡಿದರು, ಒಡೆದಿರಲಿಲ್ಲ. ಕಾವಲಿಗೆ ಎಣ್ಣೆ ಸವರಿದರು. ವನಜಾಕ್ಷಿ ಎರಡೂ ಅಂಗೈಗೆ ತೆಳ್ಳಗೆ, ಗೆರೆಗೆರೆಯಲ್ಲೂ ಕೂರುವಂತೆ ಹಚ್ಚಿಕೊಂಡು ಒಣಗುವವರೆಗೆ ಕಿಟಕಿಯ ಬಳಿ ನಿಂತಳು. ಏಳು ಗಂಟೆಯ ಬಸ್ಸಿಗೆ ಇನ್ನೂ ಸಮಯವಿತ್ತು.

"ಎರಡು ದೋಸೆ ತಿಂದು ಹೋಗು" ಎಂದರು ಅತ್ತೆ. "ನಿನ್ನ ಕೈಯಿಂದಲೇ ಬಂದದ್ದು."

ಅರಿಶಿನ ಅಳಿಸದಂತೆ ಅವಳು ಚಮಚದಲ್ಲಿ ತಿಂದಳು.